ಬ್ಯಾಂಬರೋದಲ್ಲಿ ಕಂಡ ದೋಣಿ

ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್ ಕರಾವಳಿಯ ಬ್ಯಾಂಬರೋ ಗ್ರಾಮಕ್ಕೆ ಬರುವವರಲ್ಲಿ ಹೆಚ್ಚಿನವರು ಅಲ್ಲಿನ ಕೋಟೆಯನ್ನು ಹುಡುಕಿಕೊಂಡು ಬರುತ್ತಾರೆ. ನಾನು ಕೋಟೆಯನ್ನು ಹೊರಗಿನಿಂದಲೇ ನೋಡಿ, ಸೇಂಟ್ ಐಡನ್ ಚರ್ಚಿನ ಎದುರಿಗಿರುವ ಗ್ರೇಸ್ ಡಾರ್ಲಿಂಗ್ ವಸ್ತುಸಂಗ್ರಹಾಲಯದೊಳಕ್ಕೆ ಹೋದೆ. ಆಕೆಯ ಸಾಹಸಕ್ಕೆ ನೂರು ವರ್ಷ ತುಂಬಿದ 1938ರಲ್ಲಿ ತೆರೆದ ಈ ಪುಟ್ಟ ಸಂಗ್ರಹಾಲಯವನ್ನು ಬ್ರಿಟನ್ನಿನ ಕಡಲ ರಕ್ಷಣಾ ಸಂಸ್ಥೆಯಾದ ಆರ್‌ಎನ್‌ಎಲ್‌ಐ ನಡೆಸುತ್ತಿದೆ.

ಕಥೆ ಅಲ್ಲಿನವರಿಗೆಲ್ಲ ಬಾಯಿಪಾಠ. 1838ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಹಲ್‌ನಿಂದ ಡಂಡೀಗೆ ಹೊರಟಿದ್ದ ಫೋರ್ಫಾರ್‌ಶೈರ್ ಎಂಬ ಉಗಿಹಡಗು ಬಾಯ್ಲರ್ ಕೆಟ್ಟು, ಬಿರುಗಾಳಿಗೆ ಸಿಕ್ಕಿ, ಫಾರ್ನ್ ದ್ವೀಪಗಳ ಬಿಗ್ ಹಾರ್ಕರ್ ಬಂಡೆಗೆ ಬಡಿದು ಎರಡು ತುಂಡಾಯಿತು. ಲಾಂಗ್‌ಸ್ಟೋನ್ ದೀಪಸ್ತಂಭದ ಪಾಲಕ ವಿಲಿಯಂ ಡಾರ್ಲಿಂಗ್ ಅವರ ಇಪ್ಪತ್ತೆರಡು ವರ್ಷದ ಮಗಳು ಗ್ರೇಸ್ ಕಿಟಕಿಯಿಂದ ಅದನ್ನು ಕಂಡಳು. ದೋಣಿ ನಡೆಸಲು ಸಾಮಾನ್ಯವಾಗಿ ಮೂವರಾದರೂ ಬೇಕಿತ್ತು. ಆಕೆಯ ತಮ್ಮ ಅಂದು ದಡದ ಊರಿನಲ್ಲಿದ್ದನಾದ್ದರಿಂದ ತಂದೆಯೊಡನೆ ಹುಟ್ಟು ಹಿಡಿದವಳು ಆಕೆಯೇ. ಗಾಳಿಗೆ ನೇರವಾಗಿ ಎದುರಾಗದೆ, ಬಂಡೆಗಳ ಮರೆ ಹಿಡಿದು, ಸುಮಾರು ಒಂದು ಮೈಲಿ ಸುತ್ತಿಕೊಂಡು ಅವರು ಅಲ್ಲಿಗೆ ತಲುಪಿದರು.

ಸಂಗ್ರಹಾಲಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ದೋಣಿ. ಅದು 21 ಅಡಿ ಉದ್ದದ, ಅಲ್ಲಿಯವರು ಕೋಬಲ್ ಎನ್ನುವ ಬಗೆಯದು: ಹಲಗೆಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಜೋಡಿಸಿರುತ್ತಾರೆ, ಮೂತಿ ಎತ್ತರವಾಗಿದ್ದು, ಹಿಂದಕ್ಕೆ ಹೋದಂತೆ ತಳ ಚಪ್ಪಟೆಯಾಗುತ್ತದೆ. ಸುತ್ತಲಿನ ಗೋಡೆಗಳಲ್ಲಿರುವ ಚಿತ್ರಗಳಲ್ಲಿ ಗ್ರೇಸ್ ಕೂದಲು ಹಾರಿಸಿಕೊಂಡು, ಮುಖವನ್ನು ಆಕಾಶದತ್ತ ಎತ್ತಿ ಕುಳಿತಿದ್ದಾಳೆ. ಆದರೆ ದೋಣಿಯ ಅಂಚಿನ ಬಳಿ ನಿಂತು ನೋಡಿದಾಗ ನನಗೆ ಹೊಳೆದದ್ದೇ ಬೇರೆ. ತಂದೆ ಬಂಡೆಯ ಮೇಲೆ ಜಿಗಿದ ಮೇಲೆ, ಅಲೆಗಳ ನಡುವೆ ದೋಣಿ ಬಂಡೆಗೆ ಅಪ್ಪಳಿಸದಂತೆ, ಕೈತಪ್ಪಿ ದೂರವೂ ಸರಿಯದಂತೆ, ಆಕೆಯೊಬ್ಬಳೇ ಹುಟ್ಟು ಹಾಕುತ್ತ ಹಿಡಿದು ನಿಲ್ಲಿಸಿದ್ದಳು. ಹೋಗುವುದಕ್ಕಿಂತ ಅಲ್ಲಿ ಕಾಯುವುದೇ ಕಷ್ಟದ ಕೆಲಸವಾಗಿದ್ದಿರಬೇಕು; ಯಾವ ಚಿತ್ರಕಾರನಿಗೂ ಅದು ಚಂದದ ವಿಷಯವಾಗಿ ಕಂಡಂತಿಲ್ಲ.

ಬಂಡೆಯ ಮೇಲೆ ಒಂಬತ್ತು ಮಂದಿ ಜೀವಂತವಾಗಿದ್ದರು. ಅವರಲ್ಲೊಬ್ಬಳಾದ ಸಾರಾ ಡಾಸನ್ ಎಂಬ ತಾಯಿಯ ತೋಳುಗಳಲ್ಲಿದ್ದ ಇಬ್ಬರು ಮಕ್ಕಳು ಆಗಲೇ ಪ್ರಾಣ ಬಿಟ್ಟಿದ್ದರು. ಮೊದಲ ಬಾರಿಗೆ ಆಕೆಯನ್ನೂ ನಾಲ್ವರು ಗಂಡಸರನ್ನೂ ಕರೆತಂದರು. ಆಮೇಲೆ ಗ್ರೇಸ್ ದೀಪಸ್ತಂಭದಲ್ಲೇ ಉಳಿದಳು. ವಿಲಿಯಂ, ಪಾರಾದ ನಾವಿಕರ ನೆರವಿನಿಂದ ಮತ್ತೆ ಹೋಗಿ ಉಳಿದ ನಾಲ್ವರನ್ನು ಕರೆತಂದರು. ಅಂದು ದಡದಿಂದ ರಕ್ಷಣಾ ದೋಣಿಯಲ್ಲಿ ಬಂದವರಲ್ಲಿ ಆಕೆಯ ತಮ್ಮನೂ ಇದ್ದ. ಅವನ ತಂಡ ಬಂಡೆ ಮುಟ್ಟುವ ಹೊತ್ತಿಗೆ ಅಲ್ಲಿ ಹೆಣಗಳಷ್ಟೇ ಉಳಿದಿದ್ದವು. ಹೊಗಳಿಕೆಯ ದೊಡ್ಡ ಪಾಲು ಅವರಿಗೆ ಸಿಗಲಿಲ್ಲವೆಂಬುದು ನನಗೆ ಸ್ವಲ್ಪ ಅನ್ಯಾಯವಾಗಿಯೇ ತೋರಿತು.

ತಂದೆ ಮಗಳಿಬ್ಬರಿಗೂ ಬೆಳ್ಳಿ ಪದಕ ದೊರೆಯಿತು. ವಿಕ್ಟೋರಿಯಾ ರಾಣಿ ಗ್ರೇಸ್‌ಗೆ 50 ಪೌಂಡ್ ಕಳುಹಿಸಿದಳು. ಹಿಂದೆಯೇ ಭಾವಚಿತ್ರ ಬರೆಯುವವರು ದ್ವೀಪಕ್ಕೆ ಬಂದಿಳಿದರು, ಕೂದಲಿನ ಎಳೆ ಕಳುಹಿಸಿರೆಂದು ಅಪರಿಚಿತರು ಪತ್ರ ಬರೆದರು. ಗಾಜಿನ ಪೆಟ್ಟಿಗೆಗಳಲ್ಲಿರುವ ಆಕೆಯ ವಸ್ತುಗಳನ್ನು ಬಗ್ಗಿ ನೋಡುತ್ತಿದ್ದಾಗ, ಅಂದು ಕೂದಲು ಬೇಡಿದವರಿಗಿಂತ ನಾನೇನೂ ಬೇರೆಯವನಲ್ಲ ಎನ್ನಿಸಿ ಸಂಕೋಚವಾಯಿತು. 1842ರ ಅಕ್ಟೋಬರ್ 20ರಂದು, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಆಕೆ ಕ್ಷಯರೋಗದಿಂದ ತೀರಿಕೊಂಡಳು.

ಹೊರಬಂದು ರಸ್ತೆ ದಾಟಿ ಚರ್ಚಿನ ಅಂಗಳಕ್ಕೆ ಹೋದೆ. ಕಡಲಿನಲ್ಲಿ ಹಾದುಹೋಗುವ ಹಡಗುಗಳಿಗೆ ಕಾಣಲೆಂದು ಅಲ್ಲಿ ಕಲ್ಲಿನ ಮಂಟಪವೊಂದನ್ನು ಕಟ್ಟಿದ್ದಾರೆ. ಅದರಡಿಯಲ್ಲಿ ಮಲಗಿರುವ ಗ್ರೇಸಳ ಪ್ರತಿಮೆಯ ಪಕ್ಕದಲ್ಲಿ, ಉದ್ದಕ್ಕೆ, ಒಂದು ಹುಟ್ಟು ಇದೆ.