ರೋಮಿನ ಬೇಕರಿಯವನ ಗೋರಿ

ಕೊಲೋಸಿಯಂ, ವ್ಯಾಟಿಕನ್ ಎರಡನ್ನೂ ನೋಡಿದೆವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಬಿಡುತ್ತೇನೆ. ವ್ಯಾಟಿಕನ್ ಟಿಕೆಟ್ಟನ್ನು ಮಾತ್ರ ಮ್ಯೂಸಿಯಮ್ಮಿನದೇ ಜಾಲತಾಣದಲ್ಲಿ ಮೊದಲೇ ತಗೊಳ್ಳಿ. ಏಜೆಂಟನೊಬ್ಬ ನಮ್ಮಿಂದ ದುಪ್ಪಟ್ಟು ಕಿತ್ತುಕೊಂಡು ಕೊನೆಗೆ ಅದೇ ಉದ್ದನೆಯ ಸಾಲಿನಲ್ಲಿ ನಿಲ್ಲಿಸಿದ. ಇನ್ನೂ ಹೊಟ್ಟೆ ಉರಿಯುತ್ತದೆ.

ನನ್ನ ಮನಸ್ಸಲ್ಲಿ ಉಳಿದದ್ದು ಪೋರ್ಟಾ ಮಜ್ಜೋರೆ ಎಂಬ ಹಳೆಯ ಊರಬಾಗಿಲು. ರೋಮಿನಲ್ಲೇ ಪ್ರಾಚೀನ ರೋಮನ್ ಕಲೆ ಓದುತ್ತಿರುವ ಅಣ್ಣನ ಮಗಳು ಟ್ರಾಮ್ ಹತ್ತಿಸಿ ಕರೆದುಕೊಂಡು ಹೋದಳು. ಕ್ಲಾಡಿಯಸ್ ಚಕ್ರವರ್ತಿ ನೀರು ತರಿಸಲು ಕಟ್ಟಿಸಿದ ಭಾರಿ ಕಮಾನುಗಳಿವೆ. ಅವುಗಳ ಮಗ್ಗುಲಲ್ಲೇ, ಟ್ರಾಮ್ ಹಳಿಗಳ ಗದ್ದಲದ ನಡುವೆ, ಮೈತುಂಬ ದುಂಡು ತೂತುಗಳಿರುವ ಕಲ್ಲಿನ ಕಟ್ಟಡ. ಬಟ್ಟೆ ಒಗೆಯುವ ಮಷೀನುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ!

ಅದು ಯೂರಿಸಾಕಿಸ್ ಎಂಬ ಬೇಕರಿ ಮಾಲೀಕನ ಗೋರಿ. ಕ್ರಿ.ಪೂ. 30–20ರ ಆಸುಪಾಸಿನದು. ಸರ್ಕಾರಕ್ಕೆ ಬ್ರೆಡ್ ಗುತ್ತಿಗೆ ಹಿಡಿದು ದುಡ್ಡು ಮಾಡಿದವನು. ಗ್ರೀಕ್ ಹೆಸರು ನೋಡಿದರೆ ಮೊದಲು ಗುಲಾಮನಾಗಿದ್ದು ಬಿಡುಗಡೆಯಾದವನಿರಬೇಕು. ಆ ತೂತುಗಳು ಹಿಟ್ಟು ನಾದುವ ತೊಟ್ಟಿಗಳ ನಕಲು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಐದನೇ ಶತಮಾನದಲ್ಲಿ ಎದ್ದ ಬುರುಜಿನೊಳಗೆ ಗೋರಿ ಹುದುಗಿಹೋಗಿತ್ತು. 1838ರಲ್ಲಿ ಬುರುಜು ಕೆಡವಿದಾಗ ಹೊರಗೆ ಬಂತು.

ಸುತ್ತ ಬೇಲಿ, ಒಳಗೆ ಬಿಡುವುದಿಲ್ಲ. ಕೆತ್ತನೆ ಇರುವುದು ತುದಿಯಲ್ಲಿ. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಅವಳದನ್ನು ಕಸಿದುಕೊಂಡು ನೋಡಿದೆ. ಕತ್ತೆಗಳು ಬೀಸುವ ಕಲ್ಲು ತಿರುಗಿಸುತ್ತಿವೆ. ಮೇಜಿನ ಎರಡೂ ಕಡೆ ಆಳುಗಳು ಸಾಲಾಗಿ ನಿಂತು ಹಿಟ್ಟಿನ ಉಂಡೆ ಕಟ್ಟುತ್ತಿದ್ದಾರೆ. ಒಬ್ಬ ಉದ್ದ ಹಿಡಿಯ ಹಲಗೆ ಹಿಡಿದು ಒಲೆಯ ಬಾಯಿಗೆ ಬಗ್ಗಿದ್ದಾನೆ. ಇನ್ನೊಂದು ಬದಿಯಲ್ಲಿ ದೊಡ್ಡ ತಕ್ಕಡಿ, ಬ್ರೆಡ್ ಬುಟ್ಟಿ ಹೊತ್ತವರು, ಲೆಕ್ಕ ನೋಡಲು ಟೋಗಾ ಎಂಬ ಉದ್ದ ಬಟ್ಟೆ ಸುತ್ತಿಕೊಂಡು ಬಂದ ಅಧಿಕಾರಿಗಳು.

"ಹೊಸದಾಗಿ ದುಡ್ಡು ಕಂಡವನ ಷೋಕಿ ಅಲ್ವೇನೇ ಇದು?" ಅಂದೆ.

ಅವಳಿಗೆ ರೇಗಿತು. "ಮೇಷ್ಟ್ರುಗಳೂ ಬಹಳ ಕಾಲ ಹಾಗೇ ಅಂದ್ರು ಚಿಕ್ಕಪ್ಪ. ಕೈಕೆಲಸ ಅಂದ್ರೆ ದೊಡ್ಡವರ ಮನೆಯವರು ಮೂಗು ಮುರೀತಿದ್ದ ಊರು ಇದು. ಬಿಡುಗಡೆಯಾದ ಗುಲಾಮ ಎಷ್ಟೇ ಗಳಿಸಿದ್ರೂ ಸೆನೆಟ್ ಮೆಟ್ಟಿಲು ಹತ್ತೋ ಹಾಗಿರಲಿಲ್ಲ. ಇವನಿಗೆ ತೋರಿಸ್ಕೊಳ್ಳೋಕೆ ತಾತ ಮುತ್ತಾತ ಎಲ್ಲಿದ್ರು? ಕೆಲಸ ಇತ್ತು, ಅದನ್ನೇ ತೋರಿಸಿದ."

"ಅದಕ್ಕೆ ಇಷ್ಟು ದೊಡ್ಡದು ಬೇಕಿತ್ತಾ?"

"ಜಾಗ ನೋಡಿ. ಆಗ ಊರೊಳಗೆ ಹೂಳೋ ಹಾಗಿರಲಿಲ್ಲ. ಊರಾಚೆ ಎರಡು ಹೆದ್ದಾರಿ ಕವಲೊಡೆಯೋ ಕಡೆ ಕಟ್ಟಿಸಿದ. ಬರೋರು ಹೋಗೋರು ಎಲ್ಲರ ಕಣ್ಣಿಗೂ ಬೀಳಬೇಕಲ್ಲ!"

ನನಗಂತೂ ಮ್ಯೂಸಿಯಮ್ಮುಗಳಲ್ಲಿ ಕಂಡ ಅಷ್ಟೂ ಚಕ್ರವರ್ತಿಗಳ ಅಮೃತಶಿಲೆಯ ತಲೆಗಳಿಗಿಂತ ಆ ಒಲೆಯ ಮುಂದಿನವನ ಬಗ್ಗಿದ ಬೆನ್ನೇ ಹಿಡಿಸಿತು.

ಹತ್ತಿರದಲ್ಲೇ ಸಿಕ್ಕ ಇನ್ನೊಂದು ಶಾಸನದ ಬಗ್ಗೆಯೂ ಹೇಳಿದಳು. ಅತಿಸ್ತಿಯಾ ಎಂಬ ಒಳ್ಳೆಯ ಹೆಂಡತಿ ನನಗಿದ್ದಳು, ಅವಳ ದೇಹದಲ್ಲಿ ಉಳಿದಿದ್ದು ಈ ಬ್ರೆಡ್ ಬುಟ್ಟಿಯಲ್ಲಿದೆ, ಅಂತ ಅದರಲ್ಲಿ ಬರೆದಿದೆ. ಆಕೆ ಇವನ ಹೆಂಡತಿಯೇ ಇರಬೇಕು ಅನ್ನುತ್ತಾರೆ.

ಅಲ್ಲಿಯವರೆಗೆ ನೆರಳು ಹುಡುಕಿಕೊಂಡು ಸುಮ್ನೆ ನಿಂತಿದ್ದ ನನ್ನಾಕೆ ಆಗ ಬಾಯಿ ಬಿಟ್ಟಳು. "ರೀ, ನನ್ನ ಬೂದಿನ ನಿಮ್ಮ ಆಫೀಸು ಫೈಲಲ್ಲಿ ಕಟ್ಟಿಟ್ಟೀರಾ ಮತ್ತೆ!"