ರವದಿಯೊಳಗಿನ ಲಿಗ್ನಿನ್: ಬಿಡಿಸೋದು ಹಗುರ, ಒಡಿಯೋದು ತ್ರಾಸ

ನಮ್ಮ ಮುಧೋಳ ಕಡೆ ಕಬ್ಬು ಕಡದು ಟ್ರ್ಯಾಕ್ಟರ್ ಹೋದ ಮ್ಯಾಲೆ ಹೊಲದ ತುಂಬ ರವದಿ, ಅಂದ್ರ ಕಬ್ಬಿನ ಒಣ ಎಲಿ, ಬಿದ್ದಿರತೈತಿ, ಕುಳೆಗೆ ನೀರು ಬಿಡೋ ಅವಸರ ಬ್ಯಾರೆ, ಹಿಂಗಾಗಿ ಸಂಜಿಮುಂದ ಒಂದು ಕಡ್ಡಿ ಕೊರದು ಒಗದ್ರ ಮುಗೀತು. ನಮ್ಮಪ್ಪಾನೂ ಹಂಗ ಸುಡತಿದ್ದ. ಈ ವರ್ಷ ನಾನು ಎರಡು ಚೀಲ ತುಂಬಕೊಂಡು ಎಂ.ಎಸ್ಸಿ ಪ್ರಾಜೆಕ್ಟಿಗಂತ ಲ್ಯಾಬಿಗೆ ಒಯ್ದೆ.

ಹಸಿ ಎಲಿ ತಿನ್ನೋ ಎಮ್ಮಿ ಒಣ ರವದಿ ಕಂಡ್ರ ಮುಖ ತಿರಗಸತೈತಿ. ಅದರಾಗಿರೋ ಲಿಗ್ನಿನ್, ಅಂದ್ರ ಗಿಡದ ನಾರನ್ನ ಅಂಟಿನಂಗ ಹಿಡದು ಗಟ್ಟಿ ಮಾಡೋ ವಸ್ತು, ಎಮ್ಮಿ ಹೊಟ್ಟಿಯೊಳಗೂ ಕರಗಂಗಿಲ್ಲ. ಆದ್ರ ಕಾಸ್ಟಿಕ್ ಸೋಡಾದಾಗ ಕರಗತೈತಿ ನೋಡ್ರಿ! 10 ಗ್ರಾಂ ಪುಡಿಗೆ ಶೇ. 5ರ ದ್ರಾವಣ 100 ಎಂಎಲ್ ಹಾಕಿ 90 ಡಿಗ್ರಿಗೆ ಇಟ್ರ ಅರ್ಧ ತಾಸಿನ್ಯಾಗ ನೀರು ಡಿಕಾಕ್ಷನ್‌ನಂಗ ಕರ್ರಗ. ಕಬ್ಬು, ಜ್ವಾಳ, ಗೋಧಿ ಎಲ್ಲಾ ಹುಲ್ಲಿನ ಜಾತಿ, ಇವುಗಳೊಳಗ ಲಿಗ್ನಿನ್ನು ಹೆಮಿಸೆಲ್ಯುಲೋಸ್ (ನಾರಿನ ಸುತ್ತ ಇರೋ ಸಕ್ಕರಿ ಸರಪಳಿ) ಜೋಡಿ ಫೆರುಲಿಕ್ ಆಸಿಡ್ಡಿನ ಎಸ್ಟರ್ ಕೊಂಡಿಯಿಂದ ಹತಗೊಂಡಿರತೈತಿ, ಆ ಕೊಂಡೀನ ಕಾಸ್ಟಿಕ್ ಸೋಡಾದಂಥಾ ಅಲ್ಕಲಿ ಪಟ್ಟನ ಕತ್ತರಸತೈತಿ, ಅದಕ್ಕ ಕಟಗಿಗಿಂತ ಇದು ಹಗುರ.

ಆ ಕರಿ ನೀರಿನ್ಯಾಗ ಕರಗಿದ ಲಿಗ್ನಿನ್ ತಿರಗಿ ತಳಕ್ಕ ಕುಂದರಬೇಕಂದ್ರ ಆಸಿಡ್ ಹಾಕಬೇಕು. ಮೊದಲನೇ ಸಲ ಸಲ್ಫ್ಯೂರಿಕ್ ಆಸಿಡ್ ಒಮ್ಮೆಲೆ ಸುರುವಿದೆ. ಲೋಳಿ ಲೋಳಿ ಆಗಿ ಫಿಲ್ಟರ್ ಪೇಪರ್ ಕಟ್ಟಿ ರಾತ್ರಿಯೆಲ್ಲಾ ನಾಕು ಹನಿ ಸೈತ ಇಳೀಲಿಲ್ಲ, ಅಳೂನ ಬಂದಿತ್ತು. ಕಬ್ಬಿನ ಎಲಿಯೊಳಗ ಸಿಲಿಕಾ ಭಾಳ, ಕೈಗೆ ಗೀರತೈತಲ್ಲ ಅದ. ಆಮ್ಯಾಲೆ ಪಿಎಚ್ 8ಕ್ಕ ನಿಲ್ಲಿಸಿ ಸಿಲಿಕಾ ತಗದು, ಹನಿ ಹನಿ ಹಾಕ್ಕೋತ 2ಕ್ಕ ಇಳಿಸಿ 60 ಡಿಗ್ರಿಗೆ ಬೆಚ್ಚಗ ಮಾಡಿದ್ನಿ, ಕಾಫಿ ಪುಡಿಯಂಥಾ ಕಂದು ಕಾಳು ತಳಕ್ಕ ಕುಂತವು.

ಖರೇ ಜಗಳ ಮುಂದ ಐತಿ, ಈ ಲಿಗ್ನಿನ್ನನ್ನ ಸಣ್ಣ ಸಣ್ಣ ತುಂಡಾಗಿ ಒಡಿಯೋದು. ಲಿಗ್ನಿನ್ನಿನ್ಯಾಗ ಜಾಸ್ತಿ ಇರೋದು ಬೀಟಾ-ಓ-4 ಅನ್ನೋ, ನಡುವ ಆಕ್ಸಿಜನ್ ಇರೋ ಕೊಂಡಿ, ಅದನ್ನ ಮುರಿಯೋದು ದೊಡ್ಡ ಮಾತಲ್ಲ, ಮುರದ ತುಂಡು ಮತ್ತ ಒಂದಕ್ಕೊಂದು ಕಾರ್ಬನ್-ಕಾರ್ಬನ್ ಕೊಂಡಿ ಹಾಕ್ಕೊಂಡು ಮೊದಲಿಗಿಂತ ಗಟ್ಟಿ ಆಗತಾವ, ಅದ ಸಮಸ್ಯಾ. ಎಲ್ಲಾರೂ ಎಷ್ಟು ಒಡೀತು ಅಂತ ಕೇಳತಾರ, ಎಷ್ಟು ತಿರಗಿ ಕೂಡ್ತು ಅಂತ ಕೇಳಬೇಕು ಅಂತೀನಿ ನಾನು. 2016ರಾಗ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಇಪಿಎಫ್ಎಲ್ ಅನ್ನೋ ತಾಂತ್ರಿಕ ವಿಶ್ವವಿದ್ಯಾಲಯದವರು ಲಿಗ್ನಿನ್ ಬಿಡಿಸೋ ಹೊತ್ತಿಗೇ ಫಾರ್ಮಾಲ್ಡಿಹೈಡ್ ಹಾಕಿದ್ರು, ಅದು ಕೂಡಿಕೊಳ್ಳೋ ಜಾಗಾನ ಮೊದಲ ಹಿಡದು ಕುಂದರತೈತಿ. ಓದಿ ಎರಡು ದಿನ ನಿದ್ದಿ ಬರಲಿಲ್ಲ ನನಗ.

ನಾನು ತಾಮ್ರದ ಉಪ್ಪು, ಆಕ್ಸಿಜನ್, ಅಲ್ಕಲಿ ಹಾಕಿ ಪ್ರೆಶರ್ ರಿಯಾಕ್ಟರ್‌ನ್ಯಾಗ 160 ಡಿಗ್ರಿಗೆ ಕಾಸಿದೆ. ಈಥೈಲ್ ಅಸಿಟೇಟ್‌ದಾಗ ತಗದು ಆರಿಸಿದ್ರ ಬೀಕರ್‌ನ ಅಂಚಿನ್ಯಾಗ ಸಣ್ಣಗ ವೆನಿಲಾ ವಾಸನಿ! ಹೊಲದಾಗ ಸುಟ್ಟು ಹೊಗಿ ಆಗೋ ರವದಿಯಿಂದ ಬಂದದ್ದು. ಟಿಎಲ್‌ಸಿ ಪ್ಲೇಟಿನ್ಯಾಗ (ಮಿಶ್ರಣದಾಗಿನ ವಸ್ತುಗಳನ್ನ ಬ್ಯಾರೆ ಬ್ಯಾರೆ ಚುಕ್ಕಿ ಮಾಡಿ ತೋರಸೋ ಪ್ಲೇಟು) ವೆನಿಲಾ ವಾಸನಿ ಕೊಡೋ ವೆನಿಲಿನ್ ಪಕ್ಕಕ್ಕ ಸರಿಯಾಗಿ ಒಂದು ಚುಕ್ಕಿ ಏರಿತ್ತು, ಉಳದಿದ್ದೆಲ್ಲಾ ಬುಡದಾಗ ಕರ್ರಗ ಅಂಟಕೊಂಡು ಕುಂತಿತ್ತು. ಈಗ ಆ ಕರಿ ಕಲಿ ಹಿಂದ ಬಿದ್ದೀನಿ.

ಹಿಂದಿನ ಪಟ್ಟಿ ಸುಡಬ್ಯಾಡ ಅಂತ ಅಪ್ಪಗ ಫೋನ್ ಹಚ್ಚಿದ್ದೆ. "ಎಷ್ಟು ಚೀಲ ಬೇಕವ್ವಾ?" ಅಂದ.