ಕ್ರ್ಯಾಂಕ್ ಕೊಳ್ಳುವ ಮೊದಲು ಶೆಲ್ ಅಳೆಯಿರಿ

ಸೈಕಲ್ಲಿನ ಕ್ರ್ಯಾಂಕ್ (ಪೆಡಲ್ ಕೂರುವ ತೋಳುಗಳು) ಚೆನ್ನಾಗಿದೆ ಅಂತ ಮೊದಲೇ ಕೊಂಡುಬಿಟ್ಟರೆ ಆಮೇಲೆ ಪೇಚಾಟ ತಪ್ಪಿದ್ದಲ್ಲ. ಶುರು ಮಾಡಬೇಕಾದ್ದು ಫ್ರೇಮಿನ ಬಾಟಮ್ ಬ್ರ್ಯಾಕೆಟ್ ಶೆಲ್‌ನಿಂದ, ಅಂದರೆ ಕ್ರ್ಯಾಂಕಿನ ಆಕ್ಸಲ್ ಹಾದುಹೋಗುವ ಅಡ್ಡ ಕೊಳವೆಯಿಂದ. ಒಳಗೆ ಥ್ರೆಡ್ ಇದ್ದು ಅಗಲ 68 ಅಥವಾ 73 ಮಿ.ಮೀ. ಬಂದರೆ ಅದು ಸಾಮಾನ್ಯವಾಗಿ ಬಿಎಸ್‌ಎ ಎಂಬ ಅಳತೆಯ ಥ್ರೆಡ್; 70 ಬಂದರೆ ಇಟಾಲಿಯನ್. ಬಿಎಸ್‌ಎಯಲ್ಲಿ ಚೈನ್ ಕಡೆಯ ಕಪ್ಪಿಗೆ (ಬೇರಿಂಗ್ ಹಿಡಿದಿಡುವ ಬಟ್ಟಲಿಗೆ) ಉಲ್ಟಾ ಥ್ರೆಡ್. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲ ಹಾಕಿದರೆ ಕಪ್ ಇನ್ನಷ್ಟು ಬಿಗಿಯುತ್ತದೆ, ಸ್ಪ್ಯಾನರ್ ಜಾರಿ ಹಲ್ಲು ಸವೆಯುತ್ತದೆ.

ತುದಿ ಚೌಕವಾಗಿರುವ ಹಳೆಯ ಆಕ್ಸಲ್‌ಗಳಲ್ಲೇ ಜನ ಹೆಚ್ಚು ಎಡವುವುದು. ಇವುಗಳ ಎರಡು ಅಳತೆ ಪದ್ಧತಿಗಳಾದ ಜೆಐಎಸ್, ಐಎಸ್‌ಒ ಎರಡೂ ನೋಡಲು ಒಂದೇ ಥರ, ಇಳಿಜಾರೂ ಒಂದೇ, ಆದರೆ ಐಎಸ್‌ಒ ತುದಿ ಸಣ್ಣದು. ಜೆಐಎಸ್ ಕ್ರ್ಯಾಂಕನ್ನು ಅದಕ್ಕೆ ಹಾಕಿದರೆ ಸುಮಾರು 4 ಮಿ.ಮೀ. ಹೆಚ್ಚು ಒಳಗೆ ಹೋಗಿ ಚೈನ್‌ಲೈನ್ (ಚೈನ್ ನೇರವಾಗಿ ಓಡುವ ಗೆರೆ) ಕೆಡುತ್ತದೆ. ಚೈನ್‌ರಿಂಗ್ ಫ್ರೇಮಿಗೆ ತಾಗಲೂಬಹುದು.

ಶಿಮಾನೊ ಹಾಲೋಟೆಕ್ 2 ಕ್ರ್ಯಾಂಕಿನ ಆಕ್ಸಲ್ 24 ಮಿ.ಮೀ., ಸ್ರ್ಯಾಮ್ ಡಬ್ 28.99. ಬೇರಿಂಗ್ ಇದಕ್ಕೆ ಸರಿಯಾಗಿ ಹೊಂದಲೇಬೇಕು. 68ರ ಶೆಲ್‌ಗೆ ಶಿಮಾನೊ ಎಂಟಿಬಿ (ಮೌಂಟನ್ ಬೈಕ್) ಕ್ರ್ಯಾಂಕ್ ಹಾಕುವಾಗ 2.5 ಮಿ.ಮೀ. ಸ್ಪೇಸರ್ (ತೆಳು ಬಳೆ) ಬಲಕ್ಕೆ ಎರಡು, ಎಡಕ್ಕೆ ಒಂದು. 73ಕ್ಕೆ ಬಲಕ್ಕೆ ಒಂದೇ ಸಾಕು. ಎಡತೋಳಿನ ತುದಿಯ ಪ್ಲಾಸ್ಟಿಕ್ ಕ್ಯಾಪನ್ನು ಅಲುಗಾಟ ಹೋಗುವಷ್ಟೇ ಬಿಗಿಯಿರಿ, ಹೆಚ್ಚಾದರೆ ಬೇರಿಂಗ್ ಬೇಗ ಸಾಯುತ್ತದೆ. ಆಮೇಲೆ ಎಡತೋಳಿನ ಎರಡು ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸ್ವಲ್ಪಸ್ವಲ್ಪವಾಗಿ, 12–14 ಎನ್‌ಎಂ (ನ್ಯೂಟನ್ ಮೀಟರ್) ವರೆಗೆ ಬಿಗಿಯಿರಿ.